ಮನೆಯ ನೀರಿನ ಪೈಪುಗಳ ರಕ್ಷಣೆ ಮತ್ತು ದುರಸ್ತಿ: ಮುಂಬಯಿ ನಿವಾಸಿಗಳು ಅರಿತಿರಬೇಕಾದ ವಿಚಾರಗಳು

ಡಿಸೆಂಬರ್ ತಿಂಗಳು ಬಂತೆಂದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಚಿಂತೆ ತಲೆದೋರುತ್ತದೆ. ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆದೀತೇ ಎಂಬ ಚಿಂತೆಯದು. ಅರಬ್ಬೀ ಸಮುದ್ರದ ದಡದಲ್ಲಿ ಬಾಳುವ ನಮಗೆ ಆ ಭಯವಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶವೆಂದರೆ 1962ರ ಜನವರಿ 22ರಂದು ಕಂಡ 7.4 ಡಿಗ್ರಿ ಸೆಲ್ಸಿಯಸ್. ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗೆ ಅದು ಬಹಳ ದೂರ. ಹಾಗೆಂದು ಮುಂಬಯಿಯ ಪೈಪುಗಳು ಸುರಕ್ಷಿತವೆಂದು ಭಾವಿಸುವಂತಿಲ್ಲ. ಶೀತ ದೇಶದಲ್ಲಿ ನೀರು ಪೈಪಿನೊಳಗೆ ನಿಂತು ಗಟ್ಟಿಯಾದಾಗ ಅಪಾಯ. ನಮ್ಮಲ್ಲಿ ಪೈಪಿನಿಂದ ನೀರು ಖಾಲಿಯಾದಾಗ ಅಪಾಯ. ಅಲ್ಲಿನ ಅವಘಡ ಸದ್ದು ಮಾಡುತ್ತದೆ, ಗೋಡೆ ನೆಲಗಳನ್ನು ತೋಯಿಸುತ್ತದೆ. ಇಲ್ಲಿನದು ಸದ್ದಿಲ್ಲದೆ ಕುಡಿಯುವ ಲೋಟದೊಳಕ್ಕೆ ಬರುತ್ತದೆ. ಈ ಲೇಖನದಲ್ಲಿ ಮುಖ್ಯವಾಗಿ ನಮ್ಮ ನಗರದ ಮನೆಗಳ ಪೈಪುಗಳ ರಕ್ಷಣೆ ಹಾಗೂ ದುರಸ್ತಿಯ ಕುರಿತು ತಿಳಿಸಿ, ಕೊನೆಯ ಭಾಗದಲ್ಲಿ ಚಳಿನಾಡಿನಲ್ಲಿರುವ ಬಂಧುಗಳಿಗೂ, ಅವರಲ್ಲಿಗೆ ಹೋಗಿ ಬರುವ ಹಿರಿಯರಿಗೂ ಉಪಯುಕ್ತವಾದ ಮಾಹಿತಿಯನ್ನು ಕೊಡುತ್ತಿದ್ದೇವೆ.

ಕೆರೆಯಿಂದ ಮನೆಯವರೆಗೆ

ಮುಂಬಯಿ ಮಹಾನಗರಕ್ಕೆ ಏಳು ಜಲಾಶಯಗಳಿಂದ ನೀರು ಬರುತ್ತದೆ. ಇವುಗಳಲ್ಲಿ ಅತಿ ಹಳೆಯದು 1860ರಲ್ಲಿ ಪೂರ್ಣಗೊಂಡ ವಿಹಾರ್. 1879ರಲ್ಲಿ ತುಲಸಿ, 1892ರಲ್ಲಿ ಶಹಾಪುರ ತಾಲೂಕಿನ ತಾನ್ಸಾ ಇದಕ್ಕೆ ಸೇರಿದವು. ಸ್ವಾತಂತ್ರ್ಯಾನಂತರ ವೈತರ್ಣಾ ನದಿಯ ಮೋಡಕ್ ಸಾಗರ, ಅಪ್ಪರ್ ವೈತರ್ಣಾ ಮತ್ತು ಭಾತ್ಸಾ ಬಂದವು. 2014ರಲ್ಲಿ ಮಿಡಲ್ ವೈತರ್ಣಾ ಸೇರ್ಪಡೆಯಾಯಿತು. ದಿನವೊಂದಕ್ಕೆ ಹತ್ತಿರ ಹತ್ತಿರ 400 ಕೋಟಿ ಲೀಟರ್ ನೀರು ಹೀಗೆ ನಗರವನ್ನು ಸೇರುತ್ತದೆ. ಬಹುಪಾಲು ನೀರು ಭಾಂಡುಪ್‌ನ ಬೃಹತ್ ಶುದ್ಧೀಕರಣ ಸ್ಥಾವರದಲ್ಲಿಯೂ ಪಂಜ್ರಾಪುರದಲ್ಲಿಯೂ ಶುದ್ಧಗೊಂಡು, ಕ್ಲೋರಿನ್ ಬೆರೆತು, ಗುಡ್ಡಗಳ ಮೇಲಿನ ಸಂಗ್ರಹಾಗಾರಗಳಿಂದ ಬೀದಿಯ ಪೈಪುಗಳಿಗೆ ಇಳಿಯುತ್ತದೆ. ಠಾಣೆ, ಕಲ್ಯಾಣ-ಡೊಂಬಿವಲಿ, ಮೀರಾ-ಭಾಯಂದರ್, ವಸಯಿ-ವಿರಾರ್ ಮೊದಲಾದ ಕಡೆ ಇರುವ ನಮ್ಮವರಿಗೆ ಪಾಲಿಕೆ ಬೇರೆ. ನವಿಮುಂಬಯಿಗೆ ಮೋರ್ಬೆ ಎಂಬ ಸ್ವಂತ ಜಲಾಶಯವೂ ಇದೆ. ಆದರೆ ಮನೆ ಬಾಗಿಲಿಗೆ ಬಂದ ಮೇಲೆ ನೀರಿನ ದಾರಿ ಎಲ್ಲೆಡೆ ಹೆಚ್ಚುಕಡಮೆ ಒಂದೇ.

ಆ ದಾರಿಯನ್ನು ಪ್ರತಿಯೊಬ್ಬ ನಿವಾಸಿಯೂ ಒಮ್ಮೆ ಕಣ್ಣಾರೆ ನೋಡಿಟ್ಟುಕೊಳ್ಳುವುದು ಒಳಿತು. ಬೀದಿಯ ದೊಡ್ಡ ಪೈಪಿನಿಂದ ಕವಲೊಡೆದ ಸಣ್ಣ ಪೈಪು ಕಟ್ಟಡದ ಆವರಣಕ್ಕೆ ಬರುತ್ತದೆ. ಅಲ್ಲಿ ಮೀಟರು ಇರುತ್ತದೆ. ಮೀಟರು ದಾಟಿದ ನೀರು ನೆಲದಡಿಯ ಸಕ್ಷನ್ ಟ್ಯಾಂಕಿಗೆ ಬೀಳುತ್ತದೆ. ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ತಾರಸಿಯಿಂದ ಇಳಿಯುವ ಪೈಪುಗಳು ಪ್ರತಿ ಮನೆಯ ಅಡುಗೆಮನೆ, ಬಚ್ಚಲುಮನೆಗಳಿಗೆ ನೀರನ್ನು ಹಂಚುತ್ತವೆ. ಹಳೆಯ ಚಾಳುಗಳಲ್ಲಿ ಬೀದಿಯ ನೀರು ನೇರವಾಗಿ ಮೋರಿಯ ನಳಕ್ಕೋ ಮನೆಯೊಳಗಿನ ಡ್ರಮ್ಮಿಗೋ ಬರುವುದುಂಟು. ಈ ದಾರಿಯುದ್ದಕ್ಕೂ ಎಲ್ಲೆಲ್ಲಿ ವಾಲ್ವ್ ಇದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ನಳ ನಿಲ್ಲುತ್ತದೆ ಎಂಬುದು ಮನೆಯ ಯಜಮಾನನಿಗೂ ಗೃಹಿಣಿಗೂ, ಬೆಳೆದ ಮಕ್ಕಳಿಗೂ ತಿಳಿದಿರಬೇಕು. ನಡುರಾತ್ರಿ ಪೈಪು ಒಡೆದಾಗ ಪ್ಲಂಬರನ ಫೋನ್ ನಂಬರಿಗಿಂತ ಮೊದಲು ಬೇಕಾಗುವುದು ಈ ತಿಳಿವಳಿಕೆ.

ನೀರಿಲ್ಲದ ಹೊತ್ತಿನ ಅಪಾಯ

ನಗರದ ಹೆಚ್ಚಿನ ಭಾಗಗಳಲ್ಲಿ ಬೀದಿಯ ಪೈಪಿನಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಇರುತ್ತದೆ. ನೀರು ಒತ್ತಡದಿಂದ ಹರಿಯುತ್ತಿರುವಾಗ ಪೈಪಿನಲ್ಲಿ ಸಣ್ಣ ತೂತಿದ್ದರೆ ಒಳಗಿನ ನೀರು ಹೊರಗೆ ಚಿಮ್ಮುತ್ತದೆ. ಹೊರಗಿನ ಕೊಳೆ ಒಳಗೆ ಬರಲಾರದು. ಪೂರೈಕೆಯ ವೇಳೆ ಮುಗಿದು ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಜಾರುತ್ತದೆ. ಎತ್ತರದ ಭಾಗದಲ್ಲಿ ಪೈಪು ಟೊಳ್ಳಾಗಿ ಸೆಳೆತ ಉಂಟಾಗುತ್ತದೆ. ಆಗ ಅದೇ ತೂತಿನಿಂದ ಸುತ್ತಲಿನ ತೇವ, ಗಟಾರದ ನೀರು, ಮಣ್ಣು ಎಲ್ಲವೂ ಒಳಕ್ಕೆ ಎಳೆಯಲ್ಪಡುತ್ತವೆ. ಮರುದಿನ ನೀರು ಬಿಟ್ಟಾಗ ಇವು ಮೊದಲ ನೀರಿನೊಡನೆ ನಮ್ಮ ಟ್ಯಾಂಕಿಗೆ ಬರುತ್ತವೆ. ಹಳೆಯ ಬಡಾವಣೆಗಳಲ್ಲಿ ನೀರಿನ ಪೈಪುಗಳು ಗಟಾರದ ಪಕ್ಕದಲ್ಲೇ, ಕೆಲವೆಡೆ ಗಟಾರದೊಳಗಿನಿಂದಲೇ ಹಾದು ಹೋಗಿರುವುದನ್ನು ನಾವು ಕಾಣುತ್ತೇವೆ. ಮಳೆಗಾಲದಲ್ಲಿ ನೆಲವೆಲ್ಲ ನೀರು ಕುಡಿದು ನಿಂತಿರುವಾಗ ಈ ಅಪಾಯ ಹೆಚ್ಚುತ್ತದೆ.

ಇದಕ್ಕೆ ನಮ್ಮ ತಾಯ್ನಾಡಿನಲ್ಲೇ ಸ್ಪಷ್ಟ ಸಾಕ್ಷ್ಯ ದೊರೆತಿದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಆಯ್ದ ವಾರ್ಡುಗಳಿಗೆ 2007-08ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಆರಂಭವಾಯಿತು. ಉಳಿದ ವಾರ್ಡುಗಳಿಗೆ ಮೊದಲಿನಂತೆಯೇ ಕೆಲವು ದಿನಗಳಿಗೊಮ್ಮೆ, ಕೆಲವು ಗಂಟೆ ಮಾತ್ರ ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಈ ಎರಡೂ ಬಗೆಯ ವಾರ್ಡುಗಳ ನೀರನ್ನು ಒಂದು ವರ್ಷ ಕಾಲ ಪರೀಕ್ಷಿಸಿದ ಸಂಶೋಧಕರು 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಂಗ್ರಹಾಗಾರಗಳಲ್ಲಿ ಎರಡೂ ಕಡೆಯ ನೀರು ಹೆಚ್ಚುಕಡಮೆ ಒಂದೇ ಗುಣದ್ದಾಗಿತ್ತು. ಆದರೆ ಮನೆಯ ನಳದಲ್ಲಿ ಹಿಡಿದ ಮಾದರಿಗಳಲ್ಲಿ, ನಿರಂತರ ಪೂರೈಕೆಯಿದ್ದ ಕಡೆ ಶೇಕಡಾ 0.7ರಲ್ಲಿ ಮಾತ್ರ ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕಂಡುಬಂದರೆ, ಬಿಟ್ಟು ಬಿಟ್ಟು ನೀರು ಬರುವ ಕಡೆ ಶೇಕಡಾ 31.7ರಲ್ಲಿ ಕಂಡುಬಂತು. ನೀರು ಕೆಟ್ಟದ್ದು ಸಂಗ್ರಹಾಗಾರದಿಂದ ನಳದವರೆಗಿನ ದಾರಿಯಲ್ಲಿ ಎಂಬುದು ಇದರಿಂದ ತಿಳಿಯುತ್ತದೆ. ಮಳೆಗಾಲವಿಡೀ ನಳದ ನೀರು ಗಮನಾರ್ಹವಾಗಿ ಕೆಟ್ಟದ್ದು ಬಿಟ್ಟು ಬಿಟ್ಟು ಬರುವ ಪೂರೈಕೆಯಲ್ಲಿ ಮಾತ್ರ. ಮನೆಯ ಪಾತ್ರೆಗಳಲ್ಲಿ ತುಂಬಿಟ್ಟ ಕುಡಿಯುವ ನೀರು ನಳದ ನೀರಿಗಿಂತ ಹೆಚ್ಚು ಕೆಟ್ಟಿತ್ತು ಎಂಬ ಇನ್ನೊಂದು ಸಂಗತಿಯೂ ಎರಡೂ ಕಡೆ ಕಂಡುಬಂತು.

ಆದುದರಿಂದ ಸೋರುವ ಪೈಪನ್ನು ನೀರು ಪೋಲಾಗುವ ದಾರಿಯೆಂದಷ್ಟೇ ಎಣಿಸಬಾರದು. ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿಗಳು ಮನೆಯೊಳಗೆ ಬರುವ ಬಾಗಿಲೂ ಅದೇ. ಬೀದಿಯ ಪೈಪಿಗೆ ನೇರವಾಗಿ ಪಂಪು ಜೋಡಿಸಿ ನೀರೆಳೆಯುವುದು ಈ ಕಾರಣಕ್ಕಾಗಿಯೇ ಅಪಾಯಕರ, ನಿಯಮಬಾಹಿರ ಕೂಡ. ಅಂಥ ಪಂಪು ನೆರೆಯವರ ಪಾಲಿನ ನೀರನ್ನು ಕಸಿಯುವುದರ ಜೊತೆಗೆ ದಾರಿಯಲ್ಲಿರುವ ಪ್ರತಿಯೊಂದು ತೂತಿನಿಂದ ಕೊಳೆಯನ್ನೂ ಹೀರುತ್ತದೆ.

ಪೈಪುಗಳ ಬಗೆ

ಮುಂಬಯಿಯ ಹಳೆಯ ಕಟ್ಟಡಗಳಲ್ಲಿರುವುದು ಸತುವಿನ ಲೇಪವುಳ್ಳ ಕಬ್ಬಿಣದ ಪೈಪುಗಳು. ಪ್ಲಂಬರರು ಇವನ್ನು ಜಿ.ಐ. ಪೈಪು ಎನ್ನುತ್ತಾರೆ. ಇವುಗಳಲ್ಲಿ ದಪ್ಪಕ್ಕನುಸಾರವಾಗಿ ಮೂರು ದರ್ಜೆಗಳಿವೆ. ಹಗುರ ಪೈಪಿಗೆ ಹಳದಿ ಪಟ್ಟಿ, ಮಧ್ಯಮಕ್ಕೆ ನೀಲಿ ಪಟ್ಟಿ, ಭಾರಿ ಪೈಪಿಗೆ ಕೆಂಪು ಪಟ್ಟಿ. ಅಂಗಡಿಯಲ್ಲಿ ಇವನ್ನೇ ಎ, ಬಿ, ಸಿ ಕ್ಲಾಸ್ ಎಂದು ಕೇಳುತ್ತಾರೆ. ನೆಲದಡಿಯಲ್ಲಿ ಅಥವಾ ಗೋಡೆಯೊಳಗೆ ಹುದುಗಿಸುವ ಕೆಲಸಕ್ಕೆ ಸಿ ಕ್ಲಾಸ್ ಕೇಳುವುದು ಸೂಕ್ತ. ಸತುವಿನ ಲೇಪ ಸವೆದ ಮೇಲೆ ತುಕ್ಕು ಒಳಗೂ ಹೊರಗೂ ಹಿಡಿಯುತ್ತದೆ. ಕಡಲ ಉಪ್ಪುಗಾಳಿ, ಗೋಡೆಯ ತೇವ ಇದಕ್ಕೆ ಒತ್ತಾಸೆ. ಒಳಗೆ ಬೆಳೆದ ತುಕ್ಕಿನಿಂದ ಅರ್ಧ ಇಂಚಿನ ಪೈಪಿನ ತೂತು ಪೆನ್ಸಿಲಿನಷ್ಟು ಕಿರಿದಾಗುವುದುಂಟು. ಬೆಳಗಿನ ಮೊದಲ ನೀರು ಕೆಂಪಗೆ ಬರುವುದು, ಎರಡು ನಳ ಒಟ್ಟಿಗೆ ಬಿಟ್ಟರೆ ಒಂದರಲ್ಲಿ ನೀರು ನಿಲ್ಲುವುದು ಇದರ ಲಕ್ಷಣ. ಜಿ.ಐ. ಪೈಪಿಗೆ ತಾಮ್ರ ಅಥವಾ ಹಿತ್ತಾಳೆಯ ಭಾಗ ನೇರವಾಗಿ ಸೇರುವ ಜಾಗದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಮೊದಲು ಪರೀಕ್ಷಿಸಬೇಕಾದುದು ಅಂಥ ಜೋಡಣೆಗಳನ್ನು.

ಹೊಸ ಕಟ್ಟಡಗಳಲ್ಲಿ ಯು.ಪಿ.ವಿ.ಸಿ., ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಪೈಪುಗಳು ಬಂದಿವೆ. ಇವಕ್ಕೆ ತುಕ್ಕಿನ ಭಯವಿಲ್ಲ. ಯು.ಪಿ.ವಿ.ಸಿ. ತಣ್ಣೀರಿಗೆ ಮಾತ್ರ. ಗೀಸರಿನ ಬಿಸಿನೀರಿಗೆ ಸಿ.ಪಿ.ವಿ.ಸಿ. ಆಗಬೇಕು. ತಾರಸಿಯ ಮೇಲೆ ನೇರ ಬಿಸಿಲಿಗೆ ಬಿದ್ದಿರುವ ಪ್ಲಾಸ್ಟಿಕ್ ಪೈಪು ಕಾಲಕ್ರಮೇಣ ಪೆಡಸಾಗಿ ಸೀಳುತ್ತದೆ. ಆದ್ದರಿಂದ ಅದಕ್ಕೆ ತಯಾರಕರು ಸೂಚಿಸಿದ ಬಣ್ಣ ಬಳಿಯಬೇಕು ಅಥವಾ ಹೊದಿಕೆ ಹಾಕಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಹಳೆಯ ಮನೆಗಳಲ್ಲಿ ವಿದ್ಯುತ್ ಕೆಲಸದವರು ಅರ್ಥಿಂಗ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟಿರುವುದುಂಟು. ಆ ಪೈಪನ್ನು ತೆಗೆದು ಪ್ಲಾಸ್ಟಿಕ್ ಹಾಕಿದರೆ ಅರ್ಥಿಂಗ್ ಸದ್ದಿಲ್ಲದೆ ಕಡಿದುಹೋಗುತ್ತದೆ. ಗೀಸರಿನಲ್ಲಿ ದೋಷವುಂಟಾದ ದಿನ ಅದು ಪ್ರಾಣಕ್ಕೆ ಸಂಚಕಾರ ತಂದೀತು. ಪೈಪು ಬದಲಿಸುವ ಮುನ್ನ ವಿದ್ಯುತ್ ತಜ್ಞನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಲೇಬೇಕು.

ಸೋರಿಕೆಯನ್ನು ಕಂಡುಹಿಡಿಯುವ ಬಗೆ

ಕಣ್ಣಿಗೆ ಕಾಣುವ ಸೋರಿಕೆಯನ್ನು ಅಳೆಯುವುದು ಸುಲಭ. ತೊಟ್ಟಿಕ್ಕುವ ನಳದಡಿ ಒಂದು ಲೋಟವಿಟ್ಟು ಗಡಿಯಾರ ನೋಡಿದರೆ ಸಾಕು. 200 ಮಿಲಿಲೀಟರಿನ ಲೋಟ ಹತ್ತು ನಿಮಿಷದಲ್ಲಿ ತುಂಬಿದರೆ ಗಂಟೆಗೆ 1.2 ಲೀಟರ್, ದಿನಕ್ಕೆ 28.8 ಲೀಟರ್, ವರ್ಷಕ್ಕೆ 10,512 ಲೀಟರ್ ನೀರು ಹೋಗುತ್ತದೆ. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ 10,000 ಲೀಟರಿನ ಒಂದು ಟ್ಯಾಂಕರಿಗಿಂತ ಇದು ಹೆಚ್ಚು. ಹತ್ತು ರೂಪಾಯಿಯ ಆಸುಪಾಸಿನ ಒಂದು ವಾಶರ್ ಇದನ್ನು ತಡೆಯಬಲ್ಲದು.

ಕಾಣದ ಸೋರಿಕೆಗೆ ಬೇರೆ ಪರೀಕ್ಷೆಗಳಿವೆ. ಸಕ್ಷನ್ ಟ್ಯಾಂಕಿಗೆ ನೀರು ಬರುವ ವೇಳೆ ಮುಗಿದ ಮೇಲೆ, ಪಂಪನ್ನೂ ನಿಲ್ಲಿಸಿ, ನೀರಿನ ಮಟ್ಟವನ್ನು ಒಂದು ಕೋಲಿನಿಂದ ಅಳೆದು ಗುರುತು ಹಾಕಬೇಕು. ನಾಲ್ಕೈದು ಗಂಟೆಗಳ ನಂತರ ಪುನಃ ಅಳೆಯಬೇಕು. ಮಟ್ಟ ಇಳಿದಿದ್ದರೆ ಟ್ಯಾಂಕಿಯಲ್ಲಿ ಬಿರುಕಿದೆ ಎಂದರ್ಥ. ಮಟ್ಟ ಏರಿದ್ದರೆ ಇನ್ನೂ ಗಂಭೀರ. ನಳದ ನೀರು ಬಾರದ ಹೊತ್ತಿನಲ್ಲಿ ಟ್ಯಾಂಕಿಗೆ ಬರುತ್ತಿರುವ ನೀರು ನೆಲದ್ದು ಅಥವಾ ಗಟಾರದ್ದು. ಅಂಥ ಟ್ಯಾಂಕಿಯ ನೀರನ್ನು ಆ ಕ್ಷಣದಿಂದ ಕುಡಿಯಲು ಬಳಸಬಾರದು.

ಮೀಟರಿನ ಪರೀಕ್ಷೆಯೂ ಸರಳ. ನೀರು ಬರುವ ವೇಳೆಯಲ್ಲಿ ಟ್ಯಾಂಕಿಯ ಬಾಯಲ್ಲಿರುವ ವಾಲ್ವನ್ನು ಪೂರ್ತಿ ಮುಚ್ಚಿ ಮೀಟರನ್ನು ನೋಡಬೇಕು. ಮುಳ್ಳು ತಿರುಗುತ್ತಲೇ ಇದ್ದರೆ ಮೀಟರಿಗೂ ಟ್ಯಾಂಕಿಗೂ ನಡುವಿನ ನೆಲದಡಿಯ ಪೈಪು ಸೋರುತ್ತಿದೆ ಎಂದರ್ಥ. ಆ ನೀರಿನ ಪಾಣಿಪಟ್ಟಿಯನ್ನು ಸೊಸೈಟಿಯೇ ಕಟ್ಟುತ್ತಿರುತ್ತದೆ. ಪ್ರತಿ ತಿಂಗಳ ಮೀಟರು ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡುವ ಸೊಸೈಟಿಗಳು ಇಂಥ ಸೋರಿಕೆಯನ್ನು ಬೇಗ ಹಿಡಿಯುತ್ತವೆ. ವಾಸಿಸುವವರ ಸಂಖ್ಯೆ ಬದಲಾಗದೆ ಬಳಕೆ ಏರಿದರೆ ಕಾರಣ ಹುಡುಕಲೇಬೇಕು.

ಕೈಯಾರೆ ಮಾಡಬಹುದಾದ ದುರಸ್ತಿ

ಒಂದು ಪಾನಾ, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪು, ನಾಲ್ಕಾರು ಅಳತೆಯ ವಾಶರುಗಳು, ಒಂದು ಪೈಪ್ ಕ್ಲಾಂಪ್, ಸೈಕಲ್ ಟ್ಯೂಬಿನ ತುಂಡು, ಎಂ-ಸೀಲ್. ಇಷ್ಟನ್ನು ಮನೆಯಲ್ಲಿಟ್ಟುಕೊಂಡರೆ ಸಣ್ಣಪುಟ್ಟ ಕೆಲಸಗಳಿಗೆ ಯಾರ ದಾರಿಯನ್ನೂ ಕಾಯಬೇಕಿಲ್ಲ. ಯಾವ ಕೆಲಸಕ್ಕೂ ಮೊದಲ ಹೆಜ್ಜೆ ವಾಲ್ವ್ ಮುಚ್ಚುವುದು, ಎರಡನೆಯದು ನಳ ಬಿಟ್ಟು ಪೈಪಿನಲ್ಲುಳಿದ ನೀರನ್ನು ಇಳಿಸುವುದು.

ತೊಟ್ಟಿಕ್ಕುವ ಹಳೆಯ ಮಾದರಿಯ ನಳದ ತಲೆಯನ್ನು ಪಾನಾದಿಂದ ಬಿಚ್ಚಿ, ಸವೆದ ವಾಶರನ್ನು ತೆಗೆದು ಅದೇ ಅಳತೆಯದನ್ನು ಕೂರಿಸಿದರೆ ಆಯಿತು. ಕಾಲು ಸುತ್ತಿನಲ್ಲಿ ತೆರೆಯುವ ಹೊಸ ನಳಗಳಲ್ಲಿ ವಾಶರಿನ ಬದಲು ಒಳಗಿನ ಇಡೀ ಕಾರ್ಟ್ರಿಜ್ ಬದಲಿಸಬೇಕಾಗುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸಿ ತರುವುದು ಕ್ಷೇಮ. ಮರೆ ಸುತ್ತಿನ ಜೋಡಣೆಯಲ್ಲಿ ಸೋರಿದರೆ ಬಿಚ್ಚಿ, ಹಳೆಯ ದಾರ, ಸಫೇದಾಗಳನ್ನು ಕೆರೆದು ತೆಗೆದು, ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಬಿಗಿಯುವಾಗ ಟೇಪು ಮುದುಡಿ ಹೊರಬರುತ್ತದೆ.

ಪೈಪಿನ ನಡುವೆ ಸೂಜಿತೂತು ಬಿದ್ದರೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಕ್ಲಾಂಪಿನಿಂದ ಬಿಗಿಯುವುದು ತಾತ್ಕಾಲಿಕ ಉಪಾಯ. ಎಂ-ಸೀಲ್ ಹಚ್ಚುವುದಾದರೆ ಪೈಪನ್ನು ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ತುಕ್ಕು ಹೋದ ಮೇಲೆ ಹಚ್ಚಬೇಕು. ಇವೆರಡೂ ಪ್ಲಂಬರ್ ಬರುವವರೆಗಿನ ಆಸರೆಯಷ್ಟೇ. ಜಿ.ಐ. ಪೈಪಿನಲ್ಲಿ ಒಂದು ಕಡೆ ತೂತು ಬಿದ್ದಿದೆಯೆಂದರೆ ಅಕ್ಕಪಕ್ಕದ ಲೋಹವೂ ತೆಳುವಾಗಿದೆಯೆಂದೇ ತಿಳಿಯಬೇಕು. ಪ್ಲಾಸ್ಟಿಕ್ ಪೈಪಿನ ಸೀಳಿದ ಭಾಗವನ್ನು ಕತ್ತರಿಸಿ ತೆಗೆದು, ಆಯಾ ಪೈಪಿಗೆ ಮೀಸಲಾದ ಸಾಲ್ವೆಂಟ್ ಸಿಮೆಂಟಿನಿಂದ ಹೊಸ ತುಂಡು ಜೋಡಿಸಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯದೆ ನೀರು ಬಿಡಬಾರದು.

ಗೀಸರಿನ ಸುರಕ್ಷಾ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದನ್ನು ಮುಚ್ಚಿ ಬಂದ್ ಮಾಡುವುದು ಅತ್ಯಂತ ಅಪಾಯಕರ. ಹೆಚ್ಚಿದ ಒತ್ತಡಕ್ಕೆ ಅದೊಂದೇ ಹೊರದಾರಿ. ತಜ್ಞನನ್ನು ಕರೆಸಿ ಕಾರಣ ತಿಳಿಯಬೇಕು. ಗೋಡೆ ಒಡೆಯುವ ಕೆಲಸ, ತಾರಸಿಯಿಂದ ಇಳಿಯುವ ಪೈಪು, ಮೀಟರಿನ ಸುತ್ತಮುತ್ತಲಿನ ಪೈಪು, ಇವುಗಳಿಗೆ ನಾವು ಕೈಹಾಕದೆ ಲೈಸೆನ್ಸುಳ್ಳ ಪ್ಲಂಬರನಿಗೆ ಒಪ್ಪಿಸುವುದೇ ಸರಿ.

ಮಳೆಗಾಲಕ್ಕೆ ಮುನ್ನ

ಶೀತ ದೇಶದವರು ನವೆಂಬರಿನಲ್ಲಿ ಪೈಪುಗಳಿಗೆ ಹೊದಿಕೆ ಹಾಕುವಂತೆ ನಾವು ಮೇ ತಿಂಗಳಿನಲ್ಲಿ ಟ್ಯಾಂಕಿ, ಪೈಪುಗಳನ್ನು ಸಜ್ಜುಗೊಳಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಗರು ಮರೆತಿಲ್ಲ. ಹಾಗೆ ಬೀದಿಯೇ ಹೊಳೆಯಾದಾಗ ನೆಲಮಟ್ಟದಲ್ಲಿ ಬಾಯಿರುವ ಸಕ್ಷನ್ ಟ್ಯಾಂಕಿಗಳಿಗೆ ಪ್ರವಾಹದ ನೀರು ನುಗ್ಗದೆ ಇರದು. ಟ್ಯಾಂಕಿಯ ಬಾಯಿಯ ಕಟ್ಟೆಯನ್ನು ಆವರಣದಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಎತ್ತರಕ್ಕೆ ಕಟ್ಟಿಸಬೇಕು. ಮುಚ್ಚಳ ಬಿಗಿಯಾಗಿರಬೇಕು. ಗಾಳಿಕೊಳವೆ ಹಾಗೂ ಹೆಚ್ಚುವರಿ ನೀರು ಹೋಗುವ ಕೊಳವೆಯ ಬಾಯಿಗಳಿಗೆ ಜಾಲರಿ ಇರಬೇಕು. ಟ್ಯಾಂಕಿಗೆ ನೀರು ಬೀಳುವ ಪೈಪಿನ ತುದಿ ತುಂಬಿದ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಮುಳುಗಿದ್ದರೆ ಬೀದಿಯ ಪೈಪು ಖಾಲಿಯಾದಾಗ ಟ್ಯಾಂಕಿಯ ನೀರು ಹಿಂದಕ್ಕೆ ಎಳೆಯಲ್ಪಡುತ್ತದೆ. ಬಟ್ಟೆ ಒಗೆಯುವ ಬಕೆಟಿನಲ್ಲಿ ರಬ್ಬರು ಪೈಪಿನ ತುದಿಯನ್ನು ಮುಳುಗಿಸಿಟ್ಟು ಹೋಗುವುದೂ ಇದೇ ಕಾರಣಕ್ಕೆ ತಪ್ಪು.

ಟ್ಯಾಂಕಿಯನ್ನು ತೊಳೆಸಿದ ಮೇಲೆ ಅಥವಾ ನೀರಿನ ಬಗ್ಗೆ ಸಂದೇಹವಿದ್ದಾಗ 1,000 ಲೀಟರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪೌಡರನ್ನು ಮೊದಲು ಬಕೆಟಿನಲ್ಲಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿನೀರನ್ನು ಬೆರೆಸಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಕ್ಲೋರಿನ್ ಉಳಿದಿರಬೇಕು. ನೀರು ಸ್ವಚ್ಛವಾಗಿ ಕಂಡಿತೆಂದ ಮಾತ್ರಕ್ಕೆ ಶುದ್ಧವೆನ್ನಲಾಗದು. ಚಾಳುಗಳಲ್ಲಿ ನೇರ ನಳದ ನೀರು ಹಿಡಿಯುವವರು ಮೊದಲ ಕೆಲವು ನಿಮಿಷಗಳ ನೀರನ್ನು ನೆಲ ತೊಳೆಯಲು ಬೇರೆ ಹಿಡಿದಿಟ್ಟು, ನಂತರದ ನೀರನ್ನು ಕುಡಿಯಲು ತುಂಬಬೇಕು. ಮಳೆಗಾಲವಿಡೀ ಕುಡಿಯುವ ನೀರನ್ನು ಚೆನ್ನಾಗಿ ಕುದಿಸುವುದು, ಉದ್ದ ಹಿಡಿಯ ಸೌಟಿನಿಂದ ಅಥವಾ ನಳವಿರುವ ಪಾತ್ರೆಯಿಂದ ನೀರು ತೆಗೆಯುವುದು ನಮ್ಮ ಅಜ್ಜಿಯಂದಿರ ಕಾಲದ ಶಿಸ್ತು. ಹುಬ್ಬಳ್ಳಿ-ಧಾರವಾಡದ ಪರೀಕ್ಷೆಯೂ ಅದನ್ನೇ ಎತ್ತಿಹಿಡಿಯುತ್ತದೆ.

ದುರಸ್ತಿಯ ಹೊಣೆ ಯಾರದು?

ಸೋರಿಕೆಯಿಂದ ನೆರೆಹೊರೆಯವರ ನಡುವೆ ಮಾತುಕತೆ ನಿಂತುಹೋಗುವುದು ಮುಂಬಯಿಯಲ್ಲಿ ಹೊಸತಲ್ಲ. ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಮಾಡು ತೋಯುತ್ತದೆ. ಮೇಲಿನವರು ಸೊಸೈಟಿಯತ್ತ ಬೆರಳು ತೋರಿಸುತ್ತಾರೆ, ಸೊಸೈಟಿ ಅವರತ್ತ. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪವಿಧಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಕಟ್ಟಡದ ಹೊರಗಿನ ನೀರಿನ ಪೈಪುಗಳು, ಪಂಪು, ಟ್ಯಾಂಕಿಗಳು, ಚರಂಡಿ ಪೈಪುಗಳು, ಮಳೆನೀರಿನಿಂದಾಗಲಿ ಹೊರಗಿನ ಸಾಮಾನ್ಯ ಪೈಪಿನಿಂದಾಗಲಿ ಆಗುವ ಸೋರಿಕೆ, ಇವುಗಳ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ನಡೆಯಬೇಕು. ಮನೆಯೊಳಗಿನ ಬಚ್ಚಲು, ಶೌಚಾಲಯ, ಸಿಂಕ್ ಮೊದಲಾದವುಗಳ ಸೋರಿಕೆಯ ದುರಸ್ತಿ ಆಯಾ ಸದಸ್ಯರದು. ನೀರಿನ ಶುಲ್ಕವನ್ನು ಪ್ರತಿ ಮನೆಯ ನಳ ಸಂಪರ್ಕಗಳ ಸಂಖ್ಯೆ ಮತ್ತು ಗಾತ್ರಕ್ಕನುಸಾರ ಹಂಚಬೇಕೆಂದೂ ಉಪವಿಧಿ ಹೇಳುತ್ತದೆ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯುವುದು ಲೇಸು. ಬೀದಿಯ ಪೈಪು ಸೋರುತ್ತಿದ್ದರೆ, ನೀರಿನಲ್ಲಿ ದುರ್ವಾಸನೆ ಬಂದರೆ ಬೃಹನ್ಮುಂಬಯಿ ಮಹಾನಗರ ಪಾಲಿಕೆಯ 1916 ಸಹಾಯವಾಣಿಗೆ ಅಥವಾ ವಾರ್ಡ್ ಕಚೇರಿಯ ಜಲ ವಿಭಾಗಕ್ಕೆ ತಿಳಿಸಬೇಕು.

ಚಳಿನಾಡಿನ ಮನೆಗಳಲ್ಲಿ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಆರೈಕೆಗೋ ಚಳಿಗಾಲದಲ್ಲಿ ಅಮೆರಿಕ, ಕೆನಡಾಗಳಿಗೆ ತೆರಳುವ ಹಿರಿಯರು ನಮ್ಮಲ್ಲಿ ಅನೇಕರು. ಹಗಲಿನಲ್ಲಿ ಮಕ್ಕಳು ಕೆಲಸಕ್ಕೆ ಹೋದಾಗ ಮನೆ ಅವರ ಕೈಯಲ್ಲಿರುತ್ತದೆ. ಆದ್ದರಿಂದ ಅಲ್ಲಿನ ಪೈಪಿನ ಸ್ವಭಾವವನ್ನೂ ತಿಳಿದಿರುವುದು ಒಳ್ಳೆಯದು.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಸಾಮಾನ್ಯವಾಗಿ ಒಡೆಯುವುದು ಮಂಜುಗಡ್ಡೆ ಇರುವ ಜಾಗದಲ್ಲೇ ಅಲ್ಲ. ಮಂಜುಗಡ್ಡೆಗೂ ಮುಚ್ಚಿದ ನಳಕ್ಕೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತಾ ಹೋಗಿ ದುರ್ಬಲ ಜಾಗದಲ್ಲಿ ಪೈಪು ಸೀಳುತ್ತದೆ. ಕಡು ಚಳಿಯ ರಾತ್ರಿ ನಳವನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕೆನ್ನುವುದು ಈ ಒತ್ತಡಕ್ಕೆ ದಾರಿ ಮಾಡಿಕೊಡಲು. ನೀರನ್ನು ಪೋಲು ಮಾಡಬಾರದೆಂದು ಬೆಳೆದ ಮುಂಬಯಿಯ ಹಿರಿಯರು ಆ ನಳವನ್ನು ಬಿಗಿದು ಮುಚ್ಚದಿರಲಿ.

ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನು ತೆರೆದಿಟ್ಟರೆ ಮನೆಯ ಬೆಚ್ಚನೆ ಗಾಳಿ ಪೈಪಿಗೆ ತಾಗುತ್ತದೆ. ತೋಟದ ರಬ್ಬರು ಪೈಪನ್ನು ಚಳಿಗಾಲಕ್ಕೆ ಮುಂಚೆಯೇ ಬಿಚ್ಚಿಡಬೇಕು. ಊರಿಗೆ ಹೋಗುವಾಗಲೂ ಮನೆಯ ಶಾಖವನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್, ಅಂದರೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಸಬಾರದು. ಪೈಪಿನ ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ನಿಧಾನಿಸುತ್ತದೆ ಅಷ್ಟೇ. ಮನೆ ಬಿಸಿ ಇಲ್ಲದಿದ್ದರೆ ಹೊದಿಕೆಯೊಂದೇ ಪೈಪನ್ನು ಬಹಳ ಕಾಲ ಉಳಿಸಲಾರದು.

ನಳದಲ್ಲಿ ನೀರು ನಿಂತು ಪೈಪು ಹೆಪ್ಪುಗಟ್ಟಿದೆಯೆಂದು ತೋರಿದರೆ ನಳವನ್ನು ತೆರೆದೇ ಇಟ್ಟು, ಕೂದಲು ಒಣಗಿಸುವ ಡ್ರೈಯರಿನಿಂದ ಅಥವಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನಳದ ಕಡೆಯಿಂದ ಹಿಂದಕ್ಕೆ ಮೆಲ್ಲನೆ ಬೆಚ್ಚಗೆ ಮಾಡಬೇಕು. ಬೆಂಕಿಯ ಜ್ವಾಲೆಯನ್ನು ಹತ್ತಿರ ತರಲೇಬಾರದು. ಪೈಪು ಒಡೆದೇ ಬಿಟ್ಟರೆ ಮೊದಲು ಮನೆಯ ಮುಖ್ಯ ವಾಲ್ವ್ ಮುಚ್ಚಬೇಕು, ನೀರು ತಾಗುವ ಕಡೆಯ ವಿದ್ಯುತ್ ನಿಲ್ಲಿಸಬೇಕು, ವಿಮೆಗಾಗಿ ಚಿತ್ರ ತೆಗೆದಿಡಬೇಕು. ಬೆಚ್ಚಗಿನ ಪ್ರದೇಶವೆಂದೇ ಹೆಸರಾದ ಟೆಕ್ಸಾಸ್ ರಾಜ್ಯದಲ್ಲಿ 2021ರ ಫೆಬ್ರವರಿಯ ಹಿಮಗಾಳಿಯ ವೇಳೆ ಲಕ್ಷಾಂತರ ಮನೆಗಳ ವಿದ್ಯುತ್ ಹೋಗಿ, ಎಲ್ಲೆಂದರಲ್ಲಿ ಪೈಪುಗಳು ಒಡೆದವು. ನೀರಿನ ಒತ್ತಡ ಕುಸಿದುದರಿಂದ ಕೋಟಿಗೂ ಮಿಕ್ಕಿದ ಜನರಿಗೆ ನೀರು ಕುದಿಸಿ ಕುಡಿಯುವಂತೆ ಸೂಚನೆ ನೀಡಬೇಕಾಯಿತು. ಒತ್ತಡ ಕಳೆದುಕೊಂಡ ಪೈಪಿನೊಳಗೆ ಕೊಳೆ ಬರುತ್ತದೆಂಬ ನಿಯಮ ಅಲ್ಲಿಗೂ ಇಲ್ಲಿಗೂ ಒಂದೇ. ಅಲ್ಲಿ ಅದು ಆಪತ್ತಿನ ದಿನಗಳ ಮಾತು, ಮುಂಬಯಿಯಲ್ಲಿ ದಿನನಿತ್ಯದ್ದು.

ಬೀದಿಯ ಪೈಪಿನಲ್ಲಿ ದಿನವಿಡೀ ನೀರಿರುವಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಮೀಟರಿನಿಂದ ಲೋಟದವರೆಗಿನ ಪೈಪು ಮಾತ್ರ ನಮ್ಮದೇ. ಸೊಸೈಟಿಯ ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಬಣ್ಣ ಬಳಿಯುವ ಖರ್ಚಿಗಿಂತ ಮೊದಲು ನೆಲದಡಿಯ ಪೈಪು ಮತ್ತು ಟ್ಯಾಂಕಿಯ ಪರೀಕ್ಷೆಯನ್ನು ಸೇರಿಸಿರೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ. ಮೇ ತಿಂಗಳೊಳಗೆ ಆ ಕೆಲಸ ಮುಗಿದರೆ ಜೂನ್ ತಿಂಗಳ ಮೊದಲ ಮಳೆಯನ್ನು ನೆಮ್ಮದಿಯಿಂದ ಸ್ವಾಗತಿಸಬಹುದು.